ಕಿಲಕಿಲಕ್ಕನ ದವಡೆ ಹಲ್ಲು

ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ನಮ್ಮ ಸೋದರತ್ತೆಯನ್ನು ಎಲ್ಲರೂ ಕಿಲಕಿಲಕ್ಕ ಎಂದೇ ಕರೆಯುತ್ತಿದ್ದರು. ಒಂಟಿ ಕಾಲುಚೀಲ ಸಿಕ್ಕರೂ ಸಾಕು, ಹೊಟ್ಟೆ ಹಿಡಿದುಕೊಂಡು ನಗುವವಳು. ಅಂಥವಳ ಬಾಯಿಯನ್ನು ಒಂದು ದವಡೆ ಹಲ್ಲು ಕಟ್ಟಿಹಾಕಿತು. ಕೆಲವು ದಿನ ಪ್ರಾಣ ಹಿಂಡಿ, ಒಂದು ಬೆಳಿಗ್ಗೆ ನೋವು ತಾನಾಗಿಯೇ ಮಾಯವಾಯಿತು. ಅತ್ತೆ ಗೆದ್ದೆನೆಂದು ಕುಣಿದಾಡಿದಳು. ತಿಂಗಳು ತುಂಬುವುದರೊಳಗೆ ಕೆನ್ನೆ ಬನ್ನಿನಂತೆ ಉಬ್ಬಿತು. ಎರಡು ಮಾತಿನಲ್ಲಿ ದಿನ ಕಳೆಯುವ ಮಾವ ಅವಳನ್ನು ದಂತವೈದ್ಯೆಯ ಬಳಿಗೆ ಎಳೆದೊಯ್ದರು.

"ನೋವು ಹೋಗಿತ್ತಲ್ಲ ಡಾಕ್ಟ್ರೇ?"

"ಹಲ್ಲಿನೊಳಗಿನ ನರವೇ ಸತ್ತುಹೋಗಿದೆಯಮ್ಮ, ಇನ್ನು ನೋವೆಲ್ಲಿಂದ? ಖಾಲಿ ಜಾಗ ನೋಡಿ ಬ್ಯಾಕ್ಟೀರಿಯಾ ಬಂದು ಸೇರ್ಕೊಂಡಿವೆ. ಬೇರಿನ ಒಳಗೋಡೆಗೆ ಲೋಳೆ ಥರ ಅಂಟಿಕೊಂಡಿವೆ. ಅಲ್ಲಿ ರಕ್ತ ಹರಿಯಲ್ಲ, ಹಾಗಾಗಿ ಮಾತ್ರೆಯೂ ಮುಟ್ಟಲ್ಲ."

"ಹೇಳದೆ ಕೇಳದೆ ಬಂದು ಕೂತಿದಾವಾ," ಎಂದಳು ಅತ್ತೆ.

ಸೂಜಿ ಚುಚ್ಚಿ ಮರಗಟ್ಟಿಸಿ, ಆ ಹಲ್ಲೊಂದೇ ಹೊರಗೆ ಕಾಣುವಂತೆ ಬಾಯಿಗೆ ರಬ್ಬರ್ ಹಾಳೆ ಹೊದಿಸಿದರು. ಹಲ್ಲು ಕೊರೆದದ್ದೇ ತಡ, ಕೆಟ್ಟ ವಾಸನೆಗೆ ಮಾವ ಕಿಟಕಿಯ ಬಳಿ ಸರಿದರು. ಡಾಕ್ಟರು ಕೂದಲೆಳೆಯಂಥ ಅರದಿಂದ ಒಳಗೆಲ್ಲ ಕೆರೆದು, ಸಿರಿಂಜಿನಿಂದ ಒಂದು ದ್ರವ ಬಿಟ್ಟರು. ಅದರ ವಾಸನೆ ಮೂಗಿಗೆ ಬಡಿದಾಗ ಅತ್ತೆಯ ಕಣ್ಣರಳಿತು.

"ಈಚಾ?"

"ಬ್ಲೀಚೇ ಅಮ್ಮ, ಹದವಾಗಿ ತೆಳು ಮಾಡಿದ್ದು. ಅರ ಹೋಗದ ಸಂದಿಗೂ ಇದು ನುಗ್ಗಿ ಬ್ಯಾಕ್ಟೀರಿಯಾ ಕೊಲ್ಲುತ್ತೆ, ಕೊಳೆತದ್ದನ್ನ ಕರಗಿಸುತ್ತೆ. ಮನೇಲಿ ನೀವೇ ಬಾಯಿಗೆ ಹಾಕ್ಕೊಂಡೀರಾ ಮತ್ತೆ."

ದಿನವಿಡೀ ಊರವರ ಹಾಸಿಗೆ ಬಟ್ಟೆ ಒಗೆಯುವವಳ ಹಲ್ಲನ್ನೇ ಈಗ ಒಗೆಯುತ್ತಿದ್ದಾರೆ ಎಂಬುದು ಹೊಳೆದದ್ದೇ, ಅತ್ತೆಯ ಹೊಟ್ಟೆ ನಗುವಿನಿಂದ ಕುಲುಕತೊಡಗಿತು. ಕುರ್ಚಿ ಗಡಗಡ ಅಲುಗಿತು. ಡಾಕ್ಟರು ತಟ್ಟನೆ ಕೈ ಹಿಂದೆಗೆದರು. "ಅಲ್ಲಾಡಬೇಡೀಮ್ಮ," ಎನ್ನುತ್ತ ತಾವೇ ಮಾಸ್ಕಿನೊಳಗೆ ಕಿಸಕಿಸನೆ ನಕ್ಕರು.

ಕಿಟಕಿಯಿಂದ ಮಾವನ ದನಿ ಬಂತು: "ನಗಲಿ ಬಿಡಿ ಡಾಕ್ಟ್ರೇ. ಮನೇಲಿ ಗಡಿಯಾರದ ಸದ್ದು ಕೇಳಿ ಕೇಳಿ ಸಾಕಾಗಿತ್ತು."

ಅಷ್ಟು ಉದ್ದದ ಮಾತು ಮಾವನ ಬಾಯಿಂದ ಬಂದದ್ದಕ್ಕೆ ಅತ್ತೆ ಇನ್ನಷ್ಟು ನಕ್ಕಳು.

ಅಂದು ಒಳಗೆ ಔಷಧಿಯಿಟ್ಟು ಮುಚ್ಚಿದರು. ಬಸ್ಸಿನಲ್ಲಿ ಅತ್ತೆ ಮರಗಟ್ಟಿದ ತುಟಿಯಲ್ಲೇ ಪಕ್ಕದವರಿಗೆಲ್ಲ "ಭಾಕ್ಕೀಯಾ" ಕಥೆ ಹೇಳಿದಳು. ಅರ್ಥವಾಗದಿದ್ದರೂ ಅವರೆಲ್ಲ ನಕ್ಕರು. ಊತ ಇಳಿದ ಮೇಲೆ ಇನ್ನೊಮ್ಮೆ ತೊಳೆದು, ಬೇರಿನ ತುದಿಯವರೆಗೆ ತುಂಬಿ, ಮೇಲೊಂದು ಕ್ಯಾಪು ಕೂರಿಸಿದರು. ತಿಂಗಳುಗಳ ನಂತರ ತೆಗೆದ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ಮಚ್ಚೆ ಮಾಯುತ್ತ ಬಂದಿತ್ತು. ಅತ್ತೆ ಆ ಎಕ್ಸ್‌ರೇಯನ್ನು ಕೇಳಿ ತಂದು ಅಡುಗೆಮನೆಯ ಕಿಟಕಿಗೆ ಅಂಟಿಸಿದ್ದಾಳೆ. ಮನೆಗೆ ಬಂದವರು ಮೊದಲು ಅದನ್ನು ನೋಡಬೇಕು, ಆಮೇಲೆ ಕಾಫಿ.