ಅಮೆರಿಕದ ಇತಿಹಾಸದಲ್ಲಿ ಅಲೀಮರ ಮಿಸ್ಡ್ ಕಾಲ್

ಅಮೆರಿಕದ ಇತಿಹಾಸ ಬರೆದವರು ಅಧ್ಯಕ್ಷರ ಭಾಷಣಗಳನ್ನು ಬರೆದರು, ಯುದ್ಧನೌಕೆಗಳ ಹೆಸರು ಬರೆದರು, ಷೇರುಪೇಟೆ ಬಿದ್ದದ್ದನ್ನೂ ಎದ್ದದ್ದನ್ನೂ ಬರೆದರು. ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ಜೀನ್ಸ್ ಪ್ಯಾಂಟುಗಳ ಸಗಟು ವ್ಯಾಪಾರ ಮಾಡುತ್ತಿದ್ದ ಭಟ್ಕಳದ ಅಬ್ದುಲ್ ಅಲೀಮರ ಮಿಸ್ಡ್ ಕಾಲಿನ ಬಗ್ಗೆ ಮಾತ್ರ ಒಂದಕ್ಷರ ಬರೆಯಲಿಲ್ಲ. ಇದು ಆ ವಿದ್ವಾಂಸರ ಸೋಮಾರಿತನವಲ್ಲದೆ ಬೇರೇನೂ ಅಲ್ಲ. ಆ ದೊಡ್ಡ ದೇಶ ಮಗ್ಗುಲು ಬದಲಿಸಿದಾಗಲೆಲ್ಲ ಅಲೀಮರ ಹೆಂಡತಿ ಮಲೀಕಾಳ ಮುಂದಿದ್ದ ಫೋನು ಎರಡು ಸಲ ಬಡಿದುಕೊಂಡು, ಒಂದು ಉಸಿರೆಳೆಯುವಷ್ಟು ಹೊತ್ತು ಸುಮ್ಮನಿದ್ದು, ಮತ್ತೊಂದೇ ಸಲ ಬಡಿದು, ತನ್ನ ಕರ್ತವ್ಯ ಮುಗಿಯಿತೆಂಬಂತೆ ಮಲಗಿಬಿಟ್ಟಿದೆ.

ಎರಡು ಬೆಲ್ಲೆಂದರೆ ತಲುಪಿದೆ. ಉಸಿರು ಬಿಟ್ಟು ಬಂದ ಮತ್ತೊಂದೆಂದರೆ ಎಲ್ಲ ಕ್ಷೇಮ, ಖಲಾಸ್, ನೀವು ಊಟ ಮಾಡಿ. ಒಂದೇ ಬೆಲ್ಲು ಬಂದು ನಿಂತುಹೋದರೆ ವಿಮಾನ ಹತ್ತುತ್ತಿದ್ದೇನೆ. ಬಿಡದೆ ಬಡಿಯುತ್ತಲೇ ಇದ್ದರೆ ಅದು ಬೇರೆ ಯಾರೋ, ಬೇಕಾದರೆ ಎತ್ತಬಹುದು. ಮೂರನೆಯ ಬೆಲ್ಲಿಗೆ ಮುಂಚೆ ಫೋನೆತ್ತುವುದೆಂದರೆ ಆ ಮನೆಯಲ್ಲಿ ರಂಜಾನಿನ ನಡುಮಧ್ಯಾಹ್ನ ಬಿರಿಯಾನಿ ಬಡಿಸಿಕೊಂಡು ಕೂತಷ್ಟೇ ದೊಡ್ಡ ಅಪರಾಧ.

ಈ ಶಾಸ್ತ್ರ ಹುಟ್ಟಿದ್ದು ಅಲೀಮ್ ಇನ್ನೂ ಮಾವನ ಅಂಗಡಿಯಲ್ಲಿ ಬಟ್ಟೆ ಮಡಚುತ್ತಿದ್ದ ಕಾಲದಲ್ಲಿ. ಹೊಸ ಹೆಂಡತಿ ಭಟ್ಕಳದಲ್ಲಿ, ಇಡೀ ಓಣಿಗೆ ಒಂದೇ ಫೋನು. ಊರಿಗೆ ಮಾತಾಡುವುದೆಂದರೆ ಕೈ ಸುಟ್ಟುಕೊಳ್ಳುವ ವಿಷಯವಾದ್ದರಿಂದ ಕೊಲ್ಲಿಯಲ್ಲಿದ್ದ ಗಂಡಂದಿರೆಲ್ಲ ಎರಡು ಬೆಲ್ಲು ಕೊಟ್ಟು ಇಟ್ಟುಬಿಡುತ್ತಿದ್ದರು. ಬೆಲ್ಲು ನಿಂತದ್ದೇ ತಡ, ಅದು ತನ್ನ ಗಂಡನದು, ತನ್ನ ಗಂಡನದು ಎಂದು ಹೆಂಗಸರಲ್ಲಿ ಜಗಳ. ಅದನ್ನು ಕೇಳಿ ತಿಳಿದ ಅಲೀಮ್ ತಮ್ಮ ಎರಡಕ್ಕೆ ಮತ್ತೊಂದನ್ನು ಸೇರಿಸಿದರು. ಅವತ್ತಿನಿಂದ ಮಲೀಕಾ ಜಗಳಕ್ಕೆ ಹೋಗುವ ಅಗತ್ಯವೇ ಬೀಳಲಿಲ್ಲ.

ಉಳಿದ ಗಂಡಂದಿರು ಸಂಬಳ ಏರಿದಂತೆ ಬೆಲ್ಲು ಬಿಟ್ಟು ಮಾತು ಹಿಡಿದರು. ಅಲೀಮ್ ಹಿಡಿಯಲಿಲ್ಲ. ಸ್ವಂತ ಅಂಗಡಿಯಾಯಿತು, ಜೆಬೆಲ್ ಅಲಿಯಲ್ಲಿ ಗೋದಾಮಾಯಿತು, ಹೆಂಡತಿ ಮಕ್ಕಳೂ ದುಬೈಗೆ ಬಂದರು, ಮಾತು ಮಾತ್ರ ಬರಲಿಲ್ಲ. ಸುಡಾನಿನವನೇ ಬರಲಿ, ರಷ್ಯಾದವನೇ ಬರಲಿ, ಪ್ಯಾಂಟನ್ನು ಒಳಮೈ ತಿರುಗಿಸಿ ಹೊಲಿಗೆ ತೋರಿಸುವರು, ಕ್ಯಾಲ್ಕುಲೇಟರಿನಲ್ಲಿ ದರ ಒತ್ತುವರು. ಅಷ್ಟರಲ್ಲೇ ಸಾಮ್ರಾಜ್ಯ ನಡೆಯುತ್ತಿತ್ತು.

ಇನ್ನು ಇತಿಹಾಸ. ತೊಂಬತ್ತೊಂದರ ಜನವರಿಯಲ್ಲಿ ಅಮೆರಿಕದ ವಿಮಾನಗಳು ಬಾಗ್ದಾದಿನ ಮೇಲೆ ಹಾರಿದವು. ಇನ್ನೂ ಭಟ್ಕಳದಲ್ಲೇ ಇದ್ದ ಮಲೀಕಾ ರೇಡಿಯೋದ ಮುಂದೆ ದುಆ ಮಾಡುತ್ತ ಕೂತಿದ್ದಾಗ ಓಣಿಯ ಫೋನಿಗೆ ಎರಡು ಬೆಲ್ಲು, ಮತ್ತೊಂದು. ಯುದ್ಧ ಶುರುವಾಗಿದೆ, ನಾನು ಚೆನ್ನಾಗಿದ್ದೇನೆ. ಎರಡು ಸಾವಿರದ ಇಸವಿಯಲ್ಲಿ ಮಾಲು ಕೊಳ್ಳಲು ನ್ಯೂಯಾರ್ಕಿಗೆ ಹೋದಾಗ ಆ ದೇಶ ತನ್ನ ಅಧ್ಯಕ್ಷ ಯಾರೆಂದು ತಿಳಿಯದೆ ವಾರಗಟ್ಟಲೆ ಮತ ಎಣಿಸುತ್ತ ಒದ್ದಾಡಿತು. ಅಲೀಮರ ಮನೆಯಲ್ಲಿ ಎಣಿಕೆ ಎಂದಿನಂತೆ ಎರಡು ಮತ್ತು ಒಂದಕ್ಕೆ ಮುಗಿದಿತ್ತು.

ಮರುವರ್ಷ ಸೆಪ್ಟೆಂಬರಿನ ಆ ಮಂಗಳವಾರ ಮಧ್ಯಾಹ್ನ ಲಂಡನ್ನಿನಿಂದ ಒಂದೇ ಬೆಲ್ಲು ಬಂತು. ನ್ಯೂಯಾರ್ಕಿನ ವಿಮಾನ ಹತ್ತುತ್ತಿದ್ದಾರೆ ಎಂದುಕೊಂಡು ಮಲೀಕಾ ಮೀನು ತೊಳೆಯಲು ಹೋದಳು. ಸಂಜೆ ಎದುರು ಫ್ಲ್ಯಾಟಿನ ಅಂಬುಜಮ್ಮ ಬಂದು, ಒದ್ದೆ ಕೈ ಹಿಡಿದುಕೊಂಡೇ ತಮ್ಮ ಟಿವಿಯ ಮುಂದೆ ಕರೆದೊಯ್ದರು. ಒಂದು ಗೋಪುರ ಹೊಗೆಯಾಡುತ್ತಿತ್ತು. ನೋಡುತ್ತಿದ್ದಂತೆ ಇನ್ನೊಂದಕ್ಕೆ ವಿಮಾನ ನುಗ್ಗಿತು.

ಅಂಬುಜಮ್ಮನ ಗಂಡ ದ್ವಾರಕನಾಥರು ಮೈಸೂರಿನವರು, ಒಂದು ಆಫೀಸಿನಲ್ಲಿ ಅಕೌಂಟೆಂಟು. ಅಮೆರಿಕ ಕೆಮ್ಮಿದರೂ ಅದರ ಕಾರಣವನ್ನು ಲಿಫ್ಟಿನಲ್ಲಿ ಕೆಳಗಿಳಿಯುವುದರೊಳಗೆ ವಿವರಿಸಬಲ್ಲವರು. ಅವತ್ತು ಅವರ ಬಾಯಿಂದ ಬಂದದ್ದು ಇಷ್ಟೇ: ಲಂಡನ್ನಿನ ವಿಮಾನ ಈಗ ಸಮುದ್ರದ ಮೇಲಿರಬೇಕು, ಅಮೆರಿಕದ ಆಕಾಶ ಮುಚ್ಚಿದ್ದಾರೆ, ಎಲ್ಲೆಲ್ಲಿ ಇಳಿಸುತ್ತಾರೋ ಗೊತ್ತಿಲ್ಲ. ವಿಮಾನ ಕಂಪನಿಯ ನಂಬರು ಎಷ್ಟು ಒತ್ತಿದರೂ ಎಂಗೇಜು.

ಅಷ್ಟರಲ್ಲಿ ಮಲೀಕಾಳ ಮನೆಯ ಫೋನು ಶುರುವಾಗಿ ಎಲ್ಲರೂ ಅಲ್ಲಿಗೆ ಓಡಿದರು. ದುಬೈಯಲ್ಲಿ ಊರೊಳಗಿನ ಕರೆ ಪುಕ್ಕಟೆ. ಡೇರಾ ಬಡಾವಣೆಯಲ್ಲಿದ್ದ ಭಟ್ಕಳದವರೆಲ್ಲ ಸಮಾಧಾನ ಹೇಳಲು ಮುಗಿಬಿದ್ದರು. ಹಿರಿಯರಂತೂ ಫೋನಿನಲ್ಲೇ ಉದ್ದಕ್ಕೂ ದುಆ ಓದಿದರು. ಮಲೀಕಾ ಆಮೀನ್ ಅನ್ನುತ್ತ ಒಳಗೊಳಗೇ ಬೇಯುತ್ತಿದ್ದಳು. ಲೈನು ಇವರೆಲ್ಲರಿಂದ ತುಂಬಿಕೊಂಡರೆ ಅವರ ಬೆಲ್ಲು ಬರುವುದು ಯಾವ ದಾರಿಯಲ್ಲಿ? ದೊಡ್ಡವರಿಗೆ ಫೋನಿಡಿ ಅನ್ನುವುದಾದರೂ ಹೇಗೆ?

"ಇತ್ತ ಕೊಡು," ಅಂದರು ಅಂಬುಜಮ್ಮ. "ನಂಗೆ ನಿಮ್ಮ ಭಾಷೇನೂ ಬರಲ್ಲ, ಮುಲಾಜೂ ಇಲ್ಲ."

ವೈಕುಂಠದ ಬಾಗಿಲಿಗೆ ಜಯ ವಿಜಯರು ಇಬ್ಬರು ಬೇಕಾಗಿದ್ದರು. ಅಲೀಮರ ಫೋನಿಗೆ ಅಂಬುಜಮ್ಮ ಒಬ್ಬರೇ ಸಾಕಾದರು. ಸೆರಗು ಸಿಕ್ಕಿಸಿ ಕುರ್ಚಿ ಎಳೆದುಕೊಂಡು ಕೂತು, ನಾಲ್ಕನೆಯ ಬೆಲ್ಲಿಗೆ ಎತ್ತಿ, ಯಾರೆಂದೂ ಕೇಳದೆ, "ಮಾಫಿ ನ್ಯೂಸ್, ಸುದ್ದಿ ಇಲ್ಲ, ಲೈನ್ ಬೇಕು, ಖಲಾಸ್" ಎಂದು ಕುಕ್ಕುತ್ತಿದ್ದರು. ಜಮಾತಿನ ಹಿರಿಯರೊಬ್ಬರಿಗೂ ಅದೇ ಪ್ರಸಾದ ಸಿಕ್ಕಿತಂತೆ. ಅವರು ಆಮೇಲೆ, ಎಂಥ ಹೆಂಗಸು ಮಾರಾಯರೇ ಅದು, ಅಲ್ಲಾಹ್ ಅವಳನ್ನು ಚೆನ್ನಾಗಿಟ್ಟಿರಲಿ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು.

ಮರುದಿನ ಮಧ್ಯಾಹ್ನದವರೆಗೂ ಬೇಕಾದ ಬೆಲ್ಲು ಬರಲಿಲ್ಲ. ಮಲೀಕಾ ಒಂದು ತುತ್ತು ಮುಟ್ಟಿರಲಿಲ್ಲ. ಅವಳಿಗಾಗಿ ಚಿತ್ರಾನ್ನ ಕಲೆಸಿ ತರಲು ಅಂಬುಜಮ್ಮ ತಮ್ಮ ಮನೆಗೆ ಎದ್ದುಹೋದರು. ಕಾವಲಿಗೆ ದ್ವಾರಕನಾಥರು ಕೂತರು. ಅಲ್ಲೇ ಎಡವಟ್ಟಾದದ್ದು. ಅವರ ಆಫೀಸಿನಲ್ಲಿ ಮೊದಲ ಬೆಲ್ಲಿಗೇ ಫೋನೆತ್ತಬೇಕು. ಎಷ್ಟೋ ವರ್ಷಗಳಿಂದ ಕೈ ಅದಕ್ಕೇ ಪಳಗಿತ್ತು. ಬೆಲ್ಲು ಬಡಿಯಿತು, ಕೈ ಹಾರಿತು.

ಅವರ ಎದುರಿಗೆ ಎಂದೂ ದನಿ ಎತ್ತದಿದ್ದ ಮಲೀಕಾ ಅಡ್ಡನುಗ್ಗಿ ರಿಸೀವರಿನ ಮೇಲೆ ಎರಡೂ ಅಂಗೈ ಊರಿದಳು.

"ಎತ್ಬೇಡಿ ಅಣ್ಣ."

ಎರಡನೆಯ ಬೆಲ್ಲು ಅವಳ ಅಂಗೈಯಡಿ ನಡುಗಿ ನಿಂತಿತು. ದ್ವಾರಕನಾಥರು ಕೈಯನ್ನು ಗಾಳಿಯಲ್ಲೇ ಮರೆತಿದ್ದರು. ಮಲೀಕಾಳ ಮಗಳು ಹುಮೈರ ಬಾಗಿಲಲ್ಲಿ ನಿಂತಿದ್ದಳು. ಒಂದು ಉಸಿರು. ಭಟ್ಕಳದ ಓಣಿಯಲ್ಲಿ ಇಂಥ ಎಷ್ಟೋ ಉಸಿರುಗಳನ್ನು ಮಲೀಕಾ ನಿರಾಳವಾಗಿ ಎಳೆದಿದ್ದಳು. ಇದೊಂದನ್ನು ಎಳೆಯಲಾಗಲಿಲ್ಲ, ಬಿಡಲೂ ಆಗಲಿಲ್ಲ.

ಮತ್ತೊಂದು ಬಡಿಯಿತು. ನಿಂತಿತು.

"ಇಳಿದ್ರು," ಅಂದಳು ಮಲೀಕಾ.

ಯಾವುದೋ ರಾಂಗ್ ನಂಬರ್ ಇರಬಹುದು, ಈಗಲೇ ಆಸೆ ಇಟ್ಟುಕೊಳ್ಳಬೇಡಮ್ಮ ಎಂದು ದ್ವಾರಕನಾಥರು ಮೆಲ್ಲಗೆ ಹೇಳಿದರು. ಹುಮೈರ, "ಹೌ ಡು ಯು ನೋ, ಮಮ್ಮಾ?" ಎಂದು ಕೇಳಿದಳು.

"ಇಷ್ಟು ವರ್ಷ ನಿನ್ನ ಅಪ್ಪ ನನ್ನ ಹತ್ರ ಮಾತಾಡಿದ್ದೇ ಹೀಗೆ."

ಮುಖ ತೊಳೆದು ಬಂದು, ಅಂಬುಜಮ್ಮ ತಂದ ಚಿತ್ರಾನ್ನವನ್ನು ಮಲೀಕಾ ಪಾತ್ರೆಯ ತಳ ಕಾಣುವ ತನಕ ತಿಂದಳು. ಬುದ್ಧಿಗೇನಾದರೂ ಆಯಿತೇ ಎಂದು ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಅವರ ಅನುಮಾನ ಮರುದಿನದವರೆಗೂ ಉಳಿಯಿತು. ವಿಮಾನ ಕಂಪನಿಯ ಲೈನು ಕೊನೆಗೂ ಸಿಕ್ಕಿ, ವಿಮಾನ ಕೆನಡಾದ ಒಂದು ಸಣ್ಣ ಊರಲ್ಲಿ ಇಳಿದಿದೆ, ಎಲ್ಲರೂ ಕ್ಷೇಮ ಎಂಬ ಸುದ್ದಿ ಬಂದಾಗ ದ್ವಾರಕನಾಥರು ಆ ಫೋನಿಗೆ ಕೈ ಮುಗಿದರು.

ವಾರ ಕಳೆದು ಮನೆ ಸೇರಿದ ಅಲೀಮ್ ಜೀವಮಾನದಲ್ಲಿ ಆಡದಷ್ಟು ಮಾತಾಡಿದರು. ಆಕಾಶದಿಂದ ಉದುರಿದ ಜನರನ್ನೆಲ್ಲ ಆ ಊರಿನವರು ಶಾಲೆಯಲ್ಲಿ ಮಲಗಿಸಿದ್ದು, ಮನೆಯಿಂದ ಕಂಬಳಿ ಹೊತ್ತು ತಂದದ್ದು, ಮೀನು ಬೇಯಿಸಿ ಬಡಿಸಿದ್ದು. ಖಾರವೇ ಇಲ್ಲ, ಆದರೆ ಮೀನು ಭಾರಿ ತಾಜಾ. ಮುದುಕಿಯೊಬ್ಬಳು ಅವರ ಅಂಗಿ ಒಗೆದು ಇಸ್ತ್ರಿ ಮಾಡಿ ತಂದಳಂತೆ. ಅಬ್ದುಲ್ ಎಂಬ ಹೆಸರು ಕೇಳಿ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ ವಾರ ಅದು. ಅವಳು ಒಂದು ಹೆಜ್ಜೆ ಮುಂದೆ ಬಂದು, ಹೆಸರನ್ನು ಸರಿಯಾಗಿ ಹೇಳಲು ಕಲಿತು, ನಮಾಜಿಗೆ ಲೈಬ್ರರಿಯ ಮೂಲೆ ತೋರಿಸಿದಳಂತೆ. ಕೇಳುತ್ತ ಕೇಳುತ್ತ ಮಲೀಕಾ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. ಕಾಣದ ಊರಿನ ಆ ಕೈಗಳಿಗೆ ಅವಳು ಮಾಡಿದ ದುಆ ಆ ಹಿರಿಯರು ಫೋನಿನಲ್ಲಿ ಓದಿದ್ದಕ್ಕಿಂತಲೂ ಉದ್ದವಾಗಿತ್ತು.

ಆ ರಂಜಾನಿನಲ್ಲಿ ಅವಳು ಮುದುಕಿಗೆ ಡಬ್ಬಿ ತುಂಬ ಖರ್ಜೂರ ಕಳಿಸಿದಳು. ಉತ್ತರವಾಗಿ ಕೈಯಲ್ಲೇ ಹೆಣೆದ ಉಣ್ಣೆಯ ಕಾಲುಚೀಲ ಬಂತು. ದುಬೈಯ ಆ ಧಗೆಯಲ್ಲಿ ಅಲೀಮ್ ಅದನ್ನು ಎಸಿ ಜೋರಾಗಿಟ್ಟುಕೊಂಡು ಹಾಕಿಕೊಳ್ಳುತ್ತಿದ್ದರು. ಹಾಗೆ ಹಾಕಿಕೊಂಡು ಕೂತಿದ್ದ ಒಂದು ಶುಕ್ರವಾರ, ಎದುರು ಮನೆಯವರೂ ಊಟಕ್ಕೆ ಬಂದಿದ್ದಾಗ, ಆ ಊರಿನವರು ಸಾಲಾಗಿ ಮೇಜು ಹಾಕಿ ಫೋನುಗಳನ್ನಿಟ್ಟಿದ್ದರು, ಯಾವ ದೇಶಕ್ಕಾದರೂ ಮಾತಾಡಬಹುದಿತ್ತು, ಎಲ್ಲಾ ಪುಕ್ಕಟೆ ಎಂಬ ಸಂಗತಿ ಅಲೀಮರ ಬಾಯಿಂದ ಜಾರಿತು.

ದ್ವಾರಕನಾಥರ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಪುಕ್ಕಟೆನಾ? ಇಲ್ಲಿ ಈ ಹೆಣ್ಣುಮಗಳು ಉಸಿರು ಹಿಡ್ಕೊಂಡು ಕೂತಿದ್ದಾಗ, ಪುಕ್ಕಟೆ ಫೋನಲ್ಲಿ ಮಿಸ್ಡ್ ಕಾಲ್ ಕೊಟ್ರಾ ಸಾಹೇಬ್ರೇ? ಇದರಲ್ಲಿ ಏನೋ ದೊಡ್ಡ ತತ್ವ ಇರಬೇಕು. ನಮಗೂ ಹೇಳಿ, ಉದ್ಧಾರ ಆಗ್ತೀವಿ."

ಮಲೀಕಾಳೂ ಬಡಿಸುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು.

"ತತ್ವ ಎಂತದೂ ಇಲ್ಲ," ಅಂದರು ಅಲೀಮ್. "ನನ್ನ ಹಿಂದೆ ಸಾಲಲ್ಲಿ ನ್ಯೂಯಾರ್ಕಿನವರು ನಿಂತಿದ್ರು. ಅವರ ಮನೆಯವರಿಗೆ ಬೆಲ್ಲು ತಿಳಿಯೂದಿಲ್ಲ, ಪಾಪ. ಮಾತಾಡ್ಲೇಬೇಕು."