ಮುನಿತಾಯಮ್ಮ ತರದ ಚೀಟಿ

2014ರ ಡಿಸೆಂಬರ್ ಒಂದನೇ ತಾರೀಕು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಮುನಿತಾಯಮ್ಮ ಶಾಲೆಯ ಅಡುಗೆಮನೆಯಲ್ಲಿ ಈಳಿಗೆಮಣೆ ಮುಂದೆ ಕೂತು ಸಾಂಬಾರಿಗೆ ಸಿಹಿಗುಂಬಳ ಹೆಚ್ಚುತ್ತಿದ್ದಳು. ಆರು ತಿಂಗಳ ರಜೆಯ ನಂತರ ಅದು ಮೊದಲ ದಿನ. ಉದುರಿಹೋಗಿದ್ದ ಕೂದಲು ಉಗುರಿನುದ್ದ ಚಿಗುರಿತ್ತು. ಅದರ ಮೇಲೆ ಸೆರಗು. ಎಡಗಡೆಯ ಮೊಲೆ ತೆಗೆದಿದ್ದರು, ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಆ ಕೈಯಲ್ಲಿ ಭಾರ ಎತ್ತುವ ಹಾಗಿರಲಿಲ್ಲ. ಅನ್ನದ ಡಬರಿ ಇಳಿಸುವುದು ಮಾತ್ರ ಸಹಾಯಕಿ ಪಿಳ್ಳಮ್ಮನ ಪಾಲಿಗೆ, ಮಿಕ್ಕಿದ್ದೆಲ್ಲ ತನ್ನದೇ ಎಂದು ಬಂದ ತಕ್ಷಣ ಹೇಳಿಬಿಟ್ಟಿದ್ದಳು. ಹುಣಸೆಹಣ್ಣನ್ನು ತವರು ನಲ್ಲೂರಿನಿಂದ ತರಿಸಿದ್ದಳು. ಸಾಂಬಾರಿನ ರುಚಿ ಅರ್ಧ ಅದರಲ್ಲೇ ಇದೆ ಎಂಬುದು ಅವಳ ವಾದ.

ಬೂದಿಗೆರೆಯಿಂದ ಒಳಗಿರುವ ಆ ಊರಿನಲ್ಲಿ ತಲೆಯ ಮೇಲೆ ವಿಮಾನ ಬಂದರೆ ಜನ ಮಾತು ನಿಲ್ಲಿಸುತ್ತಾರೆ, ಅದು ದಾಟಿದ ಮೇಲೆ ಬಿಟ್ಟ ಜಾಗದಿಂದ ಮುಂದುವರಿಸುತ್ತಾರೆ. ಅವತ್ತು ಪಿಳ್ಳಮ್ಮ ವಿಮಾನ ದಾಟಿದ ಮೇಲೂ ಸುಮ್ಮನೇ ಇದ್ದಳು. ವರ್ಷಾನುಗಟ್ಟಲೆ ಒಂದೇ ಒಲೆಯ ಮುಂದೆ ಹರಟಿದವಳು ಹೀಗೆ ಬಾಯಿಗೆ ಬೀಗ ಹಾಕಿಕೊಂಡದ್ದು ಏಕೆಂದು ಮಧ್ಯಾಹ್ನ ತಿಳಿಯಿತು.

ಊಟದ ಗಂಟೆ ಹೊಡೆಯಿತು. ಎಂಬತ್ತಾರು ಮಕ್ಕಳಿಗೆ ಅನ್ನ ಆಗಿತ್ತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು ಹತ್ತೊಂಬತ್ತು. ಉಳಿದವರೆಲ್ಲ ಹೊಂಗೆ ಮರದ ಕೆಳಗೆ ಕೂತು ಚೀಲದಿಂದ ಡಬ್ಬಿ ತೆಗೆದರು. ಚಿತ್ರಾನ್ನ, ಚಪಾತಿ, ಒಂದೆರಡು ಡಬ್ಬಿಯಲ್ಲಿ ಬರೀ ಬಿಸ್ಕತ್ತು. ಬಿಸಿಯೂಟ ಶುರುವಾದ ಲಾಗಾಯ್ತು, ಹನ್ನೊಂದು ವರ್ಷದಿಂದ ಅದೇ ಒಲೆಯ ಮುಂದೆ ಇದ್ದ ಮುನಿತಾಯಮ್ಮನಿಗೆ ಇಂಥ ದಿನ ಬಂದಿರಲಿಲ್ಲ. ಅವಳು ಸೌಟನ್ನು ಡಬರಿಯ ಅಂಚಿಗೆ ಕುಟ್ಟಿದಳು.

"ಏನೇ ಇದು, ಪಿಳ್ಳಿ?"

"ನನ್ ಮೇಲೆ ಬೀಳ್ಬೇಡ ಕಣಕ್ಕ."

"ಬೀಳಲ್ಲ. ಹೇಳು."

"ನಿಂಗೆ ಅದು ಅಂತೆ."

"ಯಾವ್ದು ಅದು? ಕ್ಯಾನ್ಸರ್ ಅಂತ ಊರಿಗೆಲ್ಲ ಗೊತ್ತಿರೋದೇ ಅಲ್ವಾ?"

"ಅದಲ್ಲಕ್ಕ. ಪಾಸಿಟಿವ್ವು." ಪಿಳ್ಳಮ್ಮ ಆ ಪದವನ್ನು ಪಿಸುಗುಟ್ಟಿದಳು. "ನಿನ್ ಗಂಡ ಬೈರೇಶಣ್ಣನೇ ಹೇಳಿದ್ನಂತೆ, ಜವರಪ್ಪನ ಟೀ ಅಂಗಡೀಲಿ."

ಆ ಊರಿನಲ್ಲಿ ಪಾಸಿಟಿವ್ ಅನ್ನುವ ಪದಕ್ಕೆ ಇದ್ದದ್ದು ಒಂದೇ ಅರ್ಥ, ಎಚ್ಐವಿ. ಹಿಂದೆ ಜೀಪಿನಲ್ಲಿ ಬೀದಿನಾಟಕದ ತಂಡ ಬಂದು ಅರಳಿಕಟ್ಟೆ ಮುಂದೆ ತಮಟೆ ಹೊಡೆದು ಆ ಪದವನ್ನು ಕಲಿಸಿಹೋಗಿತ್ತು. ಅದು ರಕ್ತಕ್ಕೆ ಸಂಬಂಧಪಟ್ಟದ್ದು, ಡ್ರೈವರುಗಳಿಂದ ಹೆಂಡಿರಿಗೆ ಬರುವಂಥದ್ದು. ತಂಡದವರು ಇನ್ನೊಂದು ಮಾತನ್ನೂ ಹೇಳಿದ್ದರು: ಅದು ಮುಟ್ಟಿದರೆ ಬರುವುದಿಲ್ಲ, ಒಟ್ಟಿಗೆ ಉಂಡರೆ ಬರುವುದಿಲ್ಲ. ಊರು ಮೊದಲರ್ಧವನ್ನು ಕಲಿತು ಎರಡನೆಯ ಅರ್ಧಕ್ಕೆ ಎದ್ದು ಮನೆಗೆ ಹೋಗಿತ್ತು. ಮುನಿತಾಯಮ್ಮನ ಗಂಡ ಬೈರೇಶ್ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದ, ಎಷ್ಟೋ ರಾತ್ರಿ ಮನೆಗೆ ಬರುತ್ತಿರಲಿಲ್ಲ. ಡ್ರೈವರ್ ಗಂಡ, ಬೆಂಗಳೂರಿನ ಆಸ್ಪತ್ರೆ, ಉದುರಿದ ಕೂದಲು, ಇಳಿದುಹೋದ ಮೈ. ಊರಿನ ಲೆಕ್ಕ ತಾಳೆಯಾಗಿತ್ತು.

ಸಂಜೆ ಬೈರೇಶ್ ಕಾರು ನಿಲ್ಲಿಸಿ ಒಳಗೆ ಬರುವಷ್ಟರಲ್ಲಿ ಅವಳು ಬಾಗಿಲಲ್ಲೇ ನಿಂತಿದ್ದಳು.

"ಜವರಪ್ಪನ ಅಂಗಡೀಲಿ ಏನಂತ ಹೇಳ್ದೆ ನೀನು?"

"ಯಾವತ್ತು?"

"ರಿಪೋರ್ಟ್ ಬಂದ ದಿನ."

ಬೈರೇಶ್ ಯೋಚಿಸಿದ. "ಏನಾಯ್ತಪ್ಪಾ ರಿಪೋರ್ಟು ಅಂತ ಎಲ್ರೂ ಕೇಳಿದ್ರು. ಪಾಸಿಟಿವ್ ಬಂತು ಕಣ್ರಪ್ಪಾ, ದೇವ್ರು ದೊಡ್ಡೋನು ಅಂದೆ. ಎಲ್ರಿಗೂ ಟೀ ಕೊಡ್ಸಿದೆ."

"ಟೀ ಬೇರೆ ಕೊಡ್ಸಿದ್ಯಾ!"

"ಸಂತೋಷಕ್ಕೆ ಕಣೇ! ಡಾಕ್ಟ್ರಮ್ಮ ಅವತ್ತು ಹಂಗೇ ಅಲ್ವಾ ಹೇಳಿದ್ದು?"

ಹೇಳಿದ್ದು ಹಾಗೆಯೇ. ಮೇ ತಿಂಗಳ ಕೊನೆಯಲ್ಲಿ ಡಾಕ್ಟರ್ ಯಶಸ್ವಿನಿ ರಿಪೋರ್ಟನ್ನು ಮೇಜಿನ ಮೇಲೆ ಇಟ್ಟು, ಹರ್-ಟು ಪಾಸಿಟಿವ್ ಎಂದಿದ್ದರು. ಆ ಪದವನ್ನು ಮುನಿತಾಯಮ್ಮ ಮೊದಲೇ ಕೇಳಿದ್ದಳು. ಅವಳ ಅಕ್ಕ ಅಶ್ವತ್ಥಮ್ಮನಿಗೂ 2003ರಲ್ಲಿ ಮೊಲೆಯಲ್ಲೇ ಗಂಟು. ಬೇರೆ ಆಸ್ಪತ್ರೆ, ಬೇರೆ ಡಾಕ್ಟರು, ಇದೇ ಹೆಸರು. ಆ ಡಾಕ್ಟರು ಇದು ಜೋರಾಗಿ ಬೆಳೆಯುವ ಜಾತಿ ಎಂದು ಹೇಳಿ ಕನ್ನಡಕ ಒರೆಸಿಕೊಂಡಿದ್ದರು. ಆಪರೇಷನ್ ಆಯಿತು, ಕೀಮೋ ಆಯಿತು, ವರ್ಷ ತುಂಬುವ ಮೊದಲೇ ಅದು ಯಕೃತ್ತಿನಲ್ಲಿ ಕಾಣಿಸಿಕೊಂಡಿತು. ಅಶ್ವತ್ಥಮ್ಮ ಮುಂದಿನ ಯುಗಾದಿ ನೋಡಲಿಲ್ಲ.

ಯಶಸ್ವಿನಿ ಕನ್ನಡಕ ಒರೆಸಿಕೊಳ್ಳಲಿಲ್ಲ. ಒಂದು ಹಾಳೆ ತೆಗೆದುಕೊಂಡು ದುಂಡಗೆ ಒಂದು ಜೀವಕೋಶ ಬರೆದು, ಅದರ ಸುತ್ತ ಸಣ್ಣ ಸಣ್ಣ ಕಡ್ಡಿ ಗೀಚಿದರು. ಈ ಕಡ್ಡಿಗಳ ಹೆಸರೇ ಹರ್-ಟು, ಇವು ಕೋಶಕ್ಕೆ ಬೆಳೆ, ಬೆಳೆ ಎಂದು ಹೇಳುತ್ತವೆ. ಎಲ್ಲರಲ್ಲೂ ಒಂದಿಷ್ಟು ಇರುತ್ತವೆ. ನಿಮ್ಮ ಗೆಡ್ಡೆಯ ಕೋಶಗಳಲ್ಲಿ ವಿಪರೀತ ಇವೆ, ಅದಕ್ಕೇ ಇಷ್ಟು ಬೇಗ ಬೆಳೆದದ್ದು. ಮೊದಲೆಲ್ಲ ಇದು ಕೆಟ್ಟ ಸುದ್ದಿಯಾಗಿತ್ತು. ಆಮೇಲೆ ಇದೇ ಕಡ್ಡಿಯನ್ನು ಹುಡುಕಿ ಹಿಡಿಯುವ ಔಷಧಿ ಬಂತು. ಕಡ್ಡಿ ಇದ್ದವರಿಗೆ ಮಾತ್ರ ಅದು ಕೆಲಸ ಮಾಡುತ್ತದೆ, ನಿಮಗೆ ಇದೆ.

"ಅಂದ್ರೆ ಡಬರಿಗೆ ಕಿವಿ ಇದ್ದ ಹಾಗೆ," ಎಂದಿದ್ದಳು ಮುನಿತಾಯಮ್ಮ. "ಎಷ್ಟು ಕುದೀತಿದ್ರೂ ಹಿಡಿದು ಇಳಿಸ್ಬೋದು."

ಯಶಸ್ವಿನಿ ನಕ್ಕು, "ಹಾಗೇ ಅಂದ್ಕೊಳ್ಳಿ. ಆದ್ರೆ ಖಾತ್ರಿ ಅಂತ ನಾನು ಯಾರಿಗೂ ಹೇಳಲ್ಲ. ನಿಮ್ಮ ಹಂತದಲ್ಲಿ ಬಂದೋರಲ್ಲಿ ಹತ್ತಕ್ಕೆ ಎಂಟು ಜನ ಹತ್ತು ವರ್ಷದ ಮೇಲೂ ಚೆನ್ನಾಗಿರ್ತಾರೆ. ಕೀಮೋ ಜೊತೆ ಶುರು ಮಾಡಿ, ಮೂರು ವಾರಕ್ಕೊಂದು ಡ್ರಿಪ್, ಒಂದು ವರ್ಷ. ಹೃದಯದ ಮೇಲೆ ಕಣ್ಣಿಟ್ಟಿರಬೇಕು, ಅಷ್ಟೇ," ಎಂದಿದ್ದರು. ಪರದೇಶದಿಂದ ಬರುತ್ತಿದ್ದ ಆ ಔಷಧಿಯಂಥದ್ದು ನಮ್ಮಲ್ಲೇ ತಯಾರಾಗಿ ಆ ವರ್ಷವಷ್ಟೇ ಬೆಲೆ ಇಳಿದಿತ್ತು. ಆದರೂ ಏರ್‌ಪೋರ್ಟ್ ರನ್‌ವೇಗೆ ಹೋದ ಜಮೀನಿಗೆ ಬಂದಿದ್ದ ಪರಿಹಾರದ ಹಣವೆಲ್ಲ ಅದಕ್ಕೇ ಹೋಯಿತು.

ಅವತ್ತು ಮನೆಗೆ ಬರುವ ದಾರಿಯುದ್ದಕ್ಕೂ ಬೈರೇಶ್ ಸ್ಟೇರಿಂಗ್ ತಟ್ಟುತ್ತ ಪಾಸಿಟಿವ್, ಪಾಸಿಟಿವ್ ಎನ್ನುತ್ತಿದ್ದ. ಮುನಿತಾಯಮ್ಮನಿಗೆ ಅವತ್ತೂ ಸಿಟ್ಟೇ ಬಂದಿತ್ತು. ಅಕ್ಕ ಹನ್ನೊಂದು ವರ್ಷ ಮುಂಚೆ ಕಾಯಿಲೆ ಬಿದ್ದಳು, ಅಷ್ಟೇ ಅವಳು ಮಾಡಿದ ತಪ್ಪು. ಅಂಥ ತಪ್ಪಿಗೆ ಯಾರನ್ನು ಬೈಯುವುದು? ಈಗ ಬೈಯಲು ಊರು ತುಂಬ ಜನ ಸಿಕ್ಕಿದ್ದರು.

ಮಂಗಳವಾರ ಸಾಲಿನಲ್ಲಿ ಹನ್ನೊಂದು ಮಕ್ಕಳು. ಉಳಿದ ಅನ್ನವನ್ನು ಪಿಳ್ಳಮ್ಮ ಯಾರದೋ ಹಸುವಿಗೆ ಹೊತ್ತೊಯ್ದಳು. ಹಸುವಿನ ಮಾಲೀಕ ಬೇಡ ಎನ್ನಲಿಲ್ಲ, ಅದನ್ನು ಕೇಳಿ ಮುನಿತಾಯಮ್ಮ, "ಹಸುಗೆ ಅಂಟಲ್ವಂತಾ?" ಎಂದಳು. ಅಡುಗೆಯನ್ನು ಪಿಳ್ಳಮ್ಮನಿಗೇ ವಹಿಸುತ್ತಾರೆ ಎಂಬ ಮಾತು ಸಂಜೆಗೆ ಕಿವಿಗೆ ಬಿತ್ತು. ಬುಧವಾರ ಶಾಲಾ ಸಮಿತಿಯ ಅಧ್ಯಕ್ಷ ಅಪ್ಪಯ್ಯಣ್ಣ ಪೋಷಕರನ್ನು ಕರೆದುಕೊಂಡು ಬರುತ್ತಾನೆ, ಮುನಿತಾಯಮ್ಮ ಆ ಕಾಯಿಲೆ ಇಲ್ಲವೆಂಬ ಒಂದು ಚೀಟಿ ತೋರಿಸಬೇಕು, ಇಲ್ಲವೇ ಕೆಲಸ ಬಿಡಬೇಕು.

ಆ ಚೀಟಿ ಮನೆಯಲ್ಲೇ ಇತ್ತು. ಆಪರೇಷನ್‌ಗೆ ಮುಂಚೆ ಆಸ್ಪತ್ರೆಯಲ್ಲಿ ಎಲ್ಲರ ರಕ್ತ ಪರೀಕ್ಷೆ ಮಾಡುತ್ತಾರೆ. ಅವಳದು ಎಚ್ಐವಿ ನೆಗೆಟಿವ್ ಎಂದು ಸೀಲು ಹಾಕಿ ಕೊಟ್ಟಿದ್ದರು. ಬೈರೇಶ್ ರಾತ್ರಿಯೇ ಫೈಲಿನಿಂದ ಅದನ್ನು ತೆಗೆದು ಹಿಡಿದ.

"ನಂದೇ ತಪ್ಪು ಕಣೇ. ಇದ್ನ ಒಂದ್ಸಲ ಅಪ್ಪಯ್ಯಣ್ಣನ ಮೂತಿಗೆ ಹಿಡಿ, ಮುಗೀತು."

"ಒಳಗಿಡು ಅದ್ನ."

"ಯಾಕೆ?"

"ಪಾಪಮ್ಮ ಗೊತ್ತಲ್ಲ ನಿಂಗೆ?"

ಪಾಪಮ್ಮ ಹಿಂದಿನ ಬೀದಿಯವಳು. ಅವಳ ಗಂಡ ಲಾರಿಯವನು, ಆ ಕಾಯಿಲೆಯಿಂದಲೇ ಸತ್ತ, ಅವಳಿಗೂ ಇತ್ತು. ಊರಿನವರು ನಲ್ಲಿಯ ಹತ್ತಿರ ಅವಳ ಬಿಂದಿಗೆಯನ್ನು ಕಾಲಿನಿಂದ ಸರಿಸಿದರು, ಅವಳು ಊರು ಬಿಟ್ಟಳು. ಈಗ ಹೊಸಕೋಟೆ ಕಡೆ ಒಂದು ಕೋಳಿ ಫಾರಂನಲ್ಲಿ ದುಡಿಯುತ್ತಾಳೆ, ಸರ್ಕಾರಿ ಮಾತ್ರೆ ನುಂಗಿಕೊಂಡು ಗಟ್ಟಿಮುಟ್ಟಾಗಿದ್ದಾಳೆ.

"ನಾನು ಚೀಟಿ ತೋರ್ಸಿದ್ರೆ ಏನಾಯ್ತು? ಅದು ಇದ್ದೋಳನ್ನ ಒದ್ದು ಓಡ್ಸಿದ್ದು ಸರಿ ಅಂತ ನಾನೇ ರುಜು ಹಾಕ್ಕೊಟ್ಟ ಹಾಗಾಯ್ತು. ನಾನು ತೋರ್ಸಲ್ಲ."

"ಕೆಲ್ಸ ಹೋಗುತ್ತೆ ಕಣೇ."

"ಹೋಗೋ ಹಾಗಿದ್ರೆ ಸೌಟು ಕಿತ್ಕೊಂಡು ಕಳಿಸ್ಲಿ. ನಾನಾಗಿ ಕೊಡಲ್ಲ."

ಬುಧವಾರ ಹನ್ನೆರಡೂವರೆಗೆ ಅಪ್ಪಯ್ಯಣ್ಣ ಬಂದ. ಹಿಂದೆ ಹದಿನೈದಿಪ್ಪತ್ತು ಜನ ತಂದೆತಾಯಂದಿರು ಅಡುಗೆಮನೆಯ ಬಾಗಿಲಿಗೆ ಎರಡು ಮಾರು ದೂರದಲ್ಲೇ ನಿಂತರು. ಹೆಡ್ ಮೇಷ್ಟ್ರು ಶ್ರೀಧರ್ ಆಫೀಸು ರೂಮಿನಿಂದ ಹೊರಗೆ ಬಂದು ಎಲ್ಲರಿಗಿಂತ ಹಿಂದೆ ನಿಂತರು.

"ನೋಡವ್ವ," ಎಂದ ಅಪ್ಪಯ್ಯಣ್ಣ, "ನಿನ್ ಮೇಲೆ ನಂಗೇನೂ ಇಲ್ಲ. ಮಕ್ಕಳ ವಿಷ್ಯ. ಒಂದು ಚೀಟಿ ತಂದ್ಕೊಡು, ಎಲ್ರ ಬಾಯಿ ಮುಚ್ಚುತ್ತೆ."

"ನಿನ್ ಮಗ ಏರ್‌ಪೋರ್ಟ್‌ನಲ್ಲಿ ಡ್ರೈವರಲ್ವಾ ಅಣ್ಣ? ಅವನ ಹೆಂಡ್ತಿ ಚೀಟಿ ತಂದವ್ಳಾ? ಮನೇಲಿ ಅಡುಗೆ ಮಾಡೋದು ಅವ್ಳೇ ತಾನೆ?"

ಹಿಂದಿನಿಂದ ಯಾರೋ ನಕ್ಕರು. ಅಪ್ಪಯ್ಯಣ್ಣನ ಕಿವಿ ಕೆಂಪಾಯಿತು. "ಮಾತು ತಿರುಗಿಸ್ಬೇಡ. ಐತಾ, ಇಲ್ವಾ?"

"ಇದ್ರೂ ಹೇಳಲ್ಲ, ಇಲ್ದಿದ್ರೂ ಹೇಳಲ್ಲ. ಅನ್ನದಲ್ಲಿ ಬರೋ ಕಾಯಿಲೆ ಅಲ್ಲ ಅದು. ನಂಗೆ ಗೊತ್ತಿಲ್ದಿದ್ರೆ ಹೋಗ್ಲಿ, ಮೇಷ್ಟ್ರಿಗೆ ಗೊತ್ತು. ಮಕ್ಕಳಿಗೆ ಪಾಠ ಮಾಡೋದು ಅವ್ರೇ."

ಎಲ್ಲರೂ ಶ್ರೀಧರ್ ಮೇಷ್ಟ್ರ ಕಡೆ ತಿರುಗಿದರು. ಬಿಸಿಯೂಟಕ್ಕೆ ಒಂದು ಕಟ್ಟಳೆ ಇದೆ. ಮಕ್ಕಳಿಗೆ ಬಡಿಸುವ ಮುಂಚೆ ಮೇಷ್ಟ್ರು ಉಂಡು ರುಚಿ ನೋಡಬೇಕು. ಹನ್ನೊಂದು ವರ್ಷದಲ್ಲಿ ಎಷ್ಟು ಮೇಷ್ಟ್ರು ಬಂದು ಹೋದರೂ ಮೊದಲ ತಟ್ಟೆ ಅವರದೇ. ಸೋಮವಾರ ಶ್ರೀಧರ್ ಹೊಟ್ಟೆ ಸರಿಯಿಲ್ಲ ಎಂದಿದ್ದರು. ಮಂಗಳವಾರ ಮೀಟಿಂಗ್ ಎಂದಿದ್ದರು. ಎರಡೂ ದಿನ ರುಚಿ ನೋಡಿದೆನೆಂದು ಬಿಸಿಯೂಟದ ಪುಸ್ತಕದಲ್ಲಿ ಬರೆದಿದ್ದರು.

ಮುನಿತಾಯಮ್ಮ ತಟ್ಟೆ ತೊಳೆದು ಅನ್ನ ಹಾಕಿದಳು, ನಡುವೆ ಗುಂಡಿ ಮಾಡಿ ಸಾಂಬಾರು ಹುಯ್ದಳು. ತಟ್ಟೆಯನ್ನು ಬಲಗೈಯಲ್ಲಿ ಹಿಡಿದು ಬಾಗಿಲು ದಾಟಿದಳು, ಜನ ತಾವಾಗಿಯೇ ದಾರಿ ಬಿಟ್ಟರು.

"ರುಚಿ ನೋಡಿ ಮೇಷ್ಟ್ರೇ."

"ಅಲ್ಲಮ್ಮಾ, ಮೊದ್ಲು ಇವ್ರ ಹತ್ರ ಮಾತಾಡಿ..."

"ಇವ್ರಿಗೆ ಗೊತ್ತಿಲ್ದೆ ಅಂಜ್ತಾರೆ. ನೀವು ಗೊತ್ತಿದ್ದೂ ಅಂಜ್ತೀರ. ಬಿಎಸ್ಸಿ ಓದಿರೋದು ನೀವು, ಮೂರು ದಿನದಿಂದ ಬಾಯಲ್ಲಿ ಕಡುಬು ಇಟ್ಕೊಂಡು ಕೂತಿದ್ದೀರಲ್ಲಾ, ನಿಮ್ಗಿಂತ ಅವ್ರೇ ವಾಸಿ. ತಿನ್ನಿ, ಇಲ್ಲಾಂದ್ರೆ ಯಾಕೆ ತಿನ್ನಲ್ಲ ಅಂತ ಎಲ್ರ ಮುಂದೆ ಹೇಳಿ."

ಅವಳು ತಟ್ಟೆಯನ್ನು ಅವರ ಮುಂದಕ್ಕೆ ಚಾಚಿ ಹಿಡಿದಳು. ಈ ಮನುಷ್ಯ ತಿನ್ನದಿದ್ದರೆ ಅವಳು ನಾಳೆ ಈ ಗೇಟಿನೊಳಗೆ ಬರುವಂತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಶ್ರೀಧರ್ ತಟ್ಟೆ ತೆಗೆದುಕೊಂಡರು. ನಿಂತೇ ಒಂದು ತುತ್ತು ಕಲಸಿ ಬಾಯಿಗೆ ಹಾಕಿಕೊಂಡರು. ನುಂಗಿದರು. ಇನ್ನೊಂದು ತುತ್ತು. ಆಮೇಲೆ ಜಗುಲಿಯ ಮೇಲೆ ಕೂತು, ತಲೆ ಎತ್ತದೆ, ತಟ್ಟೆ ಖಾಲಿಯಾಗುವ ತನಕ ಉಂಡರು. "ಊಟದಿಂದ ಬರಲ್ಲ ಕಣ್ರಪ್ಪ," ಎಂದರು ಕೊನೆಗೆ. "ಯಾವ ಕಾಯಿಲೆ ಇದ್ರೂ. ನಾನು ಸೋಮವಾರವೇ ಹೇಳ್ಬೇಕಾಗಿತ್ತು."

"ಹೌದು, ಹೇಳ್ಬೇಕಾಗಿತ್ತು," ಎಂದಳು ಮುನಿತಾಯಮ್ಮ. ಪರವಾಗಿಲ್ಲ ಬಿಡಿ ಎನ್ನಲಿಲ್ಲ.

ಅವತ್ತು ಸಾಲು ಒಂದೇ ಸಲಕ್ಕೆ ತುಂಬಲಿಲ್ಲ. ಸಂಕ್ರಾಂತಿಯವರೆಗೂ ಹೊಂಗೆ ಮರದ ಕೆಳಗೆ ನಾಲ್ಕೈದು ಡಬ್ಬಿ ಇದ್ದೇ ಇದ್ದವು. ಆಮೇಲೆ ಅವೂ ಬರುವುದು ನಿಂತಿತು. ಪಿಳ್ಳಮ್ಮ ಕೆಲವು ದಿನ ಮುಖ ಊದಿಸಿಕೊಂಡಿದ್ದು ಮತ್ತೆ ಹರಟೆಗೆ ಬಿದ್ದಳು. ಮುನಿತಾಯಮ್ಮ ಮೂರು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಂಡು ಬಂದು ಮಾರನೆಯ ದಿನ ಒಲೆ ಹಚ್ಚಿದಳು, ವರ್ಷ ಮುಗಿಸಿದಳು. ಆ ಚೀಟಿಯನ್ನು ಯಾರಿಗೂ ತೋರಿಸಲಿಲ್ಲ. ಜವರಪ್ಪನ ಅಂಗಡಿಯ ಟೀ ಮಾತ್ರ ಇವತ್ತಿಗೂ ಕುಡಿಯುವುದಿಲ್ಲ.

ಅಪ್ಪಯ್ಯಣ್ಣ ಆ ಬುಧವಾರ ಸೋತು ಹೋಗಲು ತಯಾರಿರಲಿಲ್ಲ. ಜನ ಕದಲುತ್ತಿದ್ದಾಗ ದನಿ ಇಳಿಸಿ, ಮರುಕ ಬೆರೆಸಿ ಕೇಳಿದ್ದ: "ಅದ್ಸರಿ ಕಣವ್ವ, ಆ ಕ್ಯಾನ್ಸರ್ ಅನ್ನೋದಂತೂ ಐತಲ್ಲ. ನಿಮ್ಮಕ್ಕನ್ನೂ ನೋಡಿದ್ವಿ. ನಡುವೆ ಬಿಟ್ಟು ಹೋದ್ರೆ ನಾವು ಎಲ್ಲಿ ಹುಡ್ಕೋಣ? ಇನ್ನೂ ಎಷ್ಟು ವರ್ಷ ಮಾಡ್ತೀಯ, ನೀನೇ ಹೇಳ್ಬಿಡು."

ಬಿಸಿಯೂಟದವರಿಗೆ ಅರವತ್ತಕ್ಕೆ ನಿವೃತ್ತಿ. ಮುನಿತಾಯಮ್ಮನಿಗೆ ಆಗ ನಲವತ್ತಮೂರು. ಬಾಯಿ ತೆರೆಯುವಷ್ಟರಲ್ಲಿ ವಿಮಾನವೊಂದು ತಲೆಯ ಮೇಲೆ ಬಂತು. ಊರಿನವರೆಲ್ಲ ಅಭ್ಯಾಸದಂತೆ ಮಾತು ನಿಲ್ಲಿಸಿದರು, ಅವಳು ನಿಲ್ಲಿಸಲಿಲ್ಲ. ಆ ಸದ್ದನ್ನೂ ಮೀರಿ, ಗೇಟಿನಾಚೆಗೆ ಹೋಗಿದ್ದವರಿಗೂ ಕೇಳುವ ಹಾಗೆ ಕೂಗಿ ಹೇಳಿದಳು:

"ಹದಿನೇಳು!"