ಅಕ್ಕನ ಒಲೆ

ಅಕ್ಕ ತ್ರಾಂಕ್ವಿಲ್ಲಾ ಹೆಸರಿಗೆ ಮಾತ್ರ ಶಾಂತಮ್ಮ. ತಂಗಿ ಒಲೀವಾ ಕೂಡ ಏನು ಕಡಿಮೆಯಲ್ಲ. ಇಬ್ಬರೂ ಮದುವೆಯಾಗದೆ ಅಪ್ಪನ ಮನೆಯಲ್ಲೇ ಇದ್ದವರು, ಮುದ್ದೆಯ ವಿಷಯಕ್ಕೆ ಬೇರೆಯಾದರು. ಪೊಲೆಂಟಾ, ಅಂದರೆ ಮೆಕ್ಕೆಜೋಳದ ಮುದ್ದೆಯನ್ನು, ನಮ್ಮ ಬೆಟ್ಟದೂರಿನಲ್ಲಿ ದಾರ ಎಳೆದು ಹೋಳು ಮಾಡುವುದು. ಒಲೀವಾ ಒಮ್ಮೆ ಅವಸರಕ್ಕೆ ಚಾಕು ಹಾಕಿದಳು.

"ಅಪ್ಪ ಇದ್ದಿದ್ರೆ ನಿನ್ನ ಕೈನೇ ಕತ್ತರಿಸ್ತಿದ್ದ," ಎಂದಳು ಅಕ್ಕ.

ಮಾತಿಗೆ ಮಾತು ಬೆಳೆದು ಅಡುಗೆಮನೆಯ ನಡುವೆ ಗೋಡೆ ಎದ್ದಿತು. ಅಪ್ಪನ ಒಲೆ ಅಕ್ಕನಿಗೆ. ತಂಗಿ ಈಚೆ ಹೊಸದು ಹೂಡಿದಳು.

ನಮ್ಮಲ್ಲಿ ಒಲೆ ಬೇರೆಯಾಗುವುದು ಹಗುರದ ಮಾತಲ್ಲ. ಊರ ಕಾಡಿನ ಸೌದೆಯ ಪಾಲು ತಲೆಗಲ್ಲ, ಒಲೆಗೆ. ಬೆಂಕಿಗೂ ಸಂಸಾರಕ್ಕೂ ನಮಗಿರುವುದು ಒಂದೇ ಶಬ್ದ, ಫ್ವೊಕೊ. ಹಿಂದೆ ಲ್ಯಾಟಿನ್ನಿನಲ್ಲಿ ಫೋಕುಸ್ ಎಂದರೆ ಬರೀ ಒಲೆಯಂತೆ, ಬೆಂಕಿಗೆ ಇಗ್ನಿಸ್ ಎಂಬ ಬೇರೆ ಹೆಸರಿತ್ತಂತೆ. ಬರಬರುತ್ತ ಇಗ್ನಿಸ್ ಮೂಲೆಗೆ ಬಿತ್ತು, ಒಲೆಯ ಹೆಸರೇ ಬೆಂಕಿಗೂ ಆಯಿತು. ಪಾದ್ರಿಗಳು ಇದನ್ನು ಹೇಳಿ ಹೇಳಿ ನಮ್ಮ ಕಿವಿ ತೂತಾಗಿದೆ. ಚಳಿಗಾಲಕ್ಕೊಮ್ಮೆ ಊರ ಯಜಮಾನ ಬೋರ್ತೊಲೋ ಮನೆಮನೆಗೂ ಹೋಗಿ ಒಲೆ ನೋಡುತ್ತಾನೆ. ಉರಿಯುತ್ತಿದ್ದರೆ ಆ ಒಲೆಯವರ ಹೆಸರು ಊರ ಪಟ್ಟಿಯಲ್ಲಿ ಉಂಟು, ಆರಿದ್ದರೆ ಇಲ್ಲ.

ತ್ರಾಂಕ್ವಿಲ್ಲಾಳಿಗೆ ಲಕ್ವ ಹೊಡೆಯಿತು. ಒಲೀವಾ ಅವಳನ್ನು ತನ್ನ ಕಡೆಗೆ ತಂದು ಮಲಗಿಸಿದಳು. ಅಕ್ಕನಿಗೆ ಸಾವಿನ ಭಯವಿರಲಿಲ್ಲ, ಒಲೆಯದೇ ಚಿಂತೆ.

"ಅದು ಆರಿಹೋದ್ರೆ ನಾನು ನಿನ್ನ ಮನೆ ಬಿಟ್ಟಿಕೂಳಿನೋಳು ಆಗ್ತೀನಿ ಕಣೇ."

"ಬಾಯಿ ಮುಚ್ಕೊಂಡು ಸಾರು ಕುಡಿ."

ಅಂದಿನಿಂದ ಒಲೀವಾ ಬೆಳಗ್ಗೆ ಎದ್ದು ಮೊದಲು ಅಕ್ಕನ ಒಲೆ ಹೊತ್ತಿಸುತ್ತಿದ್ದಳು, ಆಮೇಲೆ ತನ್ನದು.

ಬೋರ್ತೊಲೋ ಬಂದು ನೋಡಿ ತಲೆ ಕೆರೆದುಕೊಂಡ. "ಏನಮ್ಮಾ ಒಲೀವಾ, ಒಲೆ ಅಲ್ಲಿ, ಒಡತಿ ಇಲ್ಲಿ. ಇದೆಂಥಾ ಸಂಸಾರ?"

"ನೀನು ಬಂದಿದ್ದು ಒಲೆ ನೋಡೋಕೆ ತಾನೆ? ನೋಡಿದ್ಯಲ್ಲ, ನಡಿ."

ಎರಡು ಒಲೆ ಎಂದೇ ಬರೆದುಕೊಂಡು ಹೋದ.

ಬೇಸಿಗೆಯಲ್ಲಿ ತ್ರಾಂಕ್ವಿಲ್ಲಾ ತೀರಿಕೊಂಡಳು. ಮುಂದಿನ ಚಳಿಗೆ ಬೋರ್ತೊಲೋ ಬಂದಾಗ ಪಕ್ಕದ ಮನೆಯ ನಾನೂ ಜೊತೆಗೆ ಹೋದೆ. ಒಲೀವಾಳ ಒಲೆಯಲ್ಲಿ ತಣ್ಣನೆಯ ಬೂದಿ. ಅವಳು ಗೋಡೆಯಾಚೆ, ಅಪ್ಪನ ಒಲೆಯ ಮುಂದೆ ನಿಂತು ಮುದ್ದೆ ತೊಳಸುತ್ತಿದ್ದಳು.

"ಇನ್ನು ಒಂದೇ ಒಲೆ. ಅಕ್ಕನ ಹೆಸರು ಹೊಡೆದುಹಾಕ್ತೀನಿ," ಎಂದ ಬೋರ್ತೊಲೋ.

"ಯಾಕೆ? ಅವಳದು ಉರೀತಿಲ್ವಾ? ಆರಿರೋದು ನಂದು. ನನ್ನ ಹೆಸರು ಹೊಡಿ."

ಅವನು ನನ್ನ ಮುಖ ನೋಡಿದ. ಕಟ್ಟಳೆ ಅವಳು ಹೇಳಿದ ಹಾಗೇ ಇತ್ತು. ಬದುಕಿದ್ದವಳ ಹೆಸರು ಹೊಡೆದು, ಸತ್ತವಳದನ್ನು ಉಳಿಸಿದ.

ಒಲೀವಾ ಮುದ್ದೆಯನ್ನು ಹಲಗೆಗೆ ಮಗುಚಿದಳು. "ಕೂತ್ಕೊಳ್ಳಿ, ಉಂಡು ಹೋಗಿ," ಎಂದು ಗೂಡಿನಿಂದ ದಾರ ತೆಗೆದಳು.